ರಿವೈವ್ ಆಯ್ತು, ಹೆಲ್ತ್ ಎಷ್ಟಿದೆ?

ಗೋರೆಗಾಂವ್‌ನಲ್ಲಿ ನೆಸ್ಕೋ, ನಿರ್ಲಾನ್ ಕಡೆ ಕೆಲಸ ಮಾಡೋ ನಮ್ಮವರ ರೂಮುಗಳಲ್ಲಿ ರಾತ್ರಿ ಹನ್ನೊಂದರ ಮೇಲೆ ಒಂದು ಕೂಗು ಗ್ಯಾರಂಟಿ: "ನಾಕ್ ಆದೆ, ಬೇಗ ಬಾರೋ!" ಬಿಜಿಎಂಐ ಆಡೋರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಉಳಿದವರಿಗೆ ಸ್ವಲ್ಪ ವಿವರಿಸ್ತೀನಿ.

ಒಂದು ಸ್ಕ್ವಾಡ್‌ನಲ್ಲಿ ನಾಲ್ಕು ಜನ. ಗುಂಡೇಟಿಗೆ ನಿಮ್ಮ ಹೆಲ್ತ್ ಸೊನ್ನೆಯಾದರೂ, ಜೊತೆಗಾರರಲ್ಲಿ ಒಬ್ಬರಾದರೂ ನಿಂತಿದ್ದರೆ ನೀವು ತಕ್ಷಣ ಸಾಯಲ್ಲ. ನೆಲಕ್ಕೆ ಬಿದ್ದು ತೆವಳ್ತೀರಿ, ಜೀವ ಸೋರ್ತಾ ಇರುತ್ತೆ. ಜೊತೆಗಾರ ಬಂದು ಪಕ್ಕದಲ್ಲಿ 10 ಸೆಕೆಂಡ್ ಕೂತರೆ ಎದ್ದು ನಿಲ್ತೀರಿ.

ಆ 10 ಸೆಕೆಂಡ್ ಎಬ್ಬಿಸೋನು ಗುಂಡು ಹಾರಿಸೋ ಹಾಗಿಲ್ಲ. ಅವನೂ ಬೀಳಬಹುದು. ಅದಕ್ಕೇ ಆಟ ಬಲ್ಲವರು ಓಡಿ ಹೋಗಿ ಕೂರಲ್ಲ. ಮೊದಲು ಸ್ಮೋಕ್ ಹಾಕ್ತಾರೆ, ಇನ್ನೊಬ್ಬ ಕವರ್ ಕೊಡ್ತಾನೆ.

ಹೆಚ್ಚಿನವರು ಮರೆಯೋದು ಮುಂದಿನ ವಿಷಯ. ಎದ್ದು ನಿಂತಾಗ ನಿಮ್ಮ ಹೆಲ್ತ್ 100ಕ್ಕೆ ಬರೀ 10. ಒಂದೇ ಗುಂಡಿಗೆ ಮತ್ತೆ ನೆಲಕ್ಕೆ. ಎರಡನೇ ಸಲ ಬಿದ್ದರೆ ಜೀವ ಇನ್ನೂ ಬೇಗ ಸೋರುತ್ತೆ. ಬ್ಯಾಂಡೇಜ್ ಒಂದಕ್ಕೆ 10 ಏರುತ್ತೆ. ಫಸ್ಟ್ ಏಡ್ 75ರವರೆಗೆ ತರುತ್ತೆ. ಪೂರ್ತಿ 100 ಬೇಕಂದ್ರೆ ಮೆಡ್‌ಕಿಟ್. ಎಲ್ಲದಕ್ಕೂ ಸಮಯ ಹಿಡಿಯುತ್ತೆ.

ಪ್ರೋಗ್ರಾಮರ್ ಭಾಷೆಯಲ್ಲಿ ಹೇಳೋದಾದ್ರೆ, ರಿವೈವ್ ಬದಲಿಸೋದು ಸ್ಟೇಟ್. ಹೀಲ್ ಬದಲಿಸೋದು ವ್ಯಾಲ್ಯೂ. ಇವೆರಡೂ ಬೇರೆ ಬೇರೆ. 2019ರಲ್ಲಿ ಬಂದ ಏಪೆಕ್ಸ್ ಲೆಜೆಂಡ್ಸ್‌ನಲ್ಲಿ ಪೂರ್ತಿ ಸತ್ತವರನ್ನೂ ವಾಪಸ್ ಕರೆಸಬಹುದು. ಜೊತೆಗಾರ ಹೋಗಿ ಬ್ಯಾನರ್ ಎತ್ತಿಕೊಂಡು ಬೀಕನ್‌ಗೆ ಒಯ್ಯಬೇಕು. ಆದರೆ ಆಟ ಬಂದ ಹೊಸದರಲ್ಲಿ, ಹಾಗೆ ಬಂದವರು ತಾವು ಕೂಡಿಸಿಟ್ಟ ಗನ್ನುಗಳಿಲ್ಲದೆ ಬರ್ತಿದ್ರು.

ಈಗ ಆಟದ ಹೊರಗೆ ಬನ್ನಿ. ನಮ್ಮ ಸ್ಕ್ವಾಡ್‌ನ ಒಬ್ಬನಿಗೆ ಲೇಆಫ್ ಆಯ್ತು. ರೆಫರಲ್ ಕೊಟ್ವಿ, ಮೂರು ತಿಂಗಳಿಗೆ ಬೇರೆ ಕೆಲಸ ಸಿಕ್ತು, ಸಂಬಳ ಕಡಿಮೆ. ಗ್ರೂಪಿನಲ್ಲಿ ಎಲ್ಲರೂ "ಕಂಗ್ರಾಟ್ಸ್" ಹಾಕಿದ್ರು. ಆದರೆ ಅವನ ಉಳಿತಾಯ ಕರಗಿತ್ತು, ಊರಿನ ಮನೆ ಸಾಲದ ಕಂತು ಬಾಕಿ ಇತ್ತು, ನಿದ್ದೆ ಹೋಗಿತ್ತು. ಕೆಲಸ ಸಿಕ್ಕಿದ್ದು ರಿವೈವ್ ಅಷ್ಟೇ, ಹೆಲ್ತ್ 10. ಹಾಗಾಗಿ ಆರು ತಿಂಗಳು ಅವನ ಪಾಲಿನ ಬಾಡಿಗೆ ನಾವು ಮೂವರು ಹಂಚಿಕೊಂಡ್ವಿ. ಭಾನುವಾರ ಬೆಳಗ್ಗೆ ಆರೆ ಕಾಲೊನಿ ಕಡೆ ನಡೆಯೋಕೆ ಎಳ್ಕೊಂಡು ಹೋಗ್ತಿದ್ವಿ. ಉಪದೇಶ ಮಾಡಲಿಲ್ಲ. ಈಗ ಕಂತು ಸರಿಯಾಗಿ ಕಟ್ತಿದಾನೆ.

ಈ ಲೆಕ್ಕ ಮುಂಬೈ ಕನ್ನಡಿಗರಿಗೆ ಹೊಸದಲ್ಲ. ನಮಗಿಂತ ಎಷ್ಟೋ ಮೊದಲು ಕರಾವಳಿಯಿಂದ ಬಂದ ಹುಡುಗರಿಗೆ ಊರಿನವರ ಹೋಟೆಲಿನಲ್ಲಿ ಕೆಲಸ ಸಿಗ್ತಿತ್ತು. ಊಟ, ಮಲಗೋಕೆ ಜಾಗ, ಅದು ರಿವೈವ್. ಅಲ್ಲಿಗೇ ನಿಲ್ಲಿಸಿದ್ದರೆ ಅವರು ಜೀವನಪೂರ್ತಿ ಲೋಟ ತೊಳೀತಿದ್ರು. ಕನ್ನಡ ಸಂಘಸಂಸ್ಥೆಗಳು ರಾತ್ರಿ ಶಾಲೆ ನಡೆಸಿದವು. ಹಗಲೆಲ್ಲ ದುಡಿದು, ರಾತ್ರಿ ಓದಿ, ಬ್ಯಾಂಕು, ಕಚೇರಿ, ವಕೀಲಿ ಅಂತ ಎಷ್ಟೋ ಜನ ಮೇಲೆ ಬಂದ್ರು. ಆ ಹೀಲಿಂಗ್‌ಗೆ ವರ್ಷಗಳೇ ಹಿಡಿದವು.

ಇತ್ತೀಚೆಗೆ ಕೆಲಸ ಕಳೆದುಕೊಂಡು ಮತ್ತೆ ಸೇರಿದವರು, ಆಸ್ಪತ್ರೆಯಿಂದ ಬಂದವರು ನಿಮ್ಮ ಬಳಗದಲ್ಲೂ ಇರ್ತಾರೆ. ಅವರು ಎದ್ದಿದ್ದಾರೆ ಅಂತ ಸುಮ್ಮನಾಗಬೇಡಿ. ಈ ವಾರ ಒಂದು ಫೋನ್ ಮಾಡಿ. "ಹೇಗಿದೀಯಾ" ಅಂದ್ರೆ "ಚೆನ್ನಾಗಿದೀನಿ" ಅಂತಾರೆ. "ಈ ತಿಂಗಳು ಏನು ಕಷ್ಟ ಇದೆ?" ಅಂತ ಕೇಳಿ.