ಚಿಕಿತ್ಸೆಯ ನಂತರ ಮುಖ ಒಣಗಿದರೆ



ಕಿದ್ವಾಯಿ ಆಸ್ಪತ್ರೆಯಲ್ಲಿ ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದು, ಪೀಣ್ಯದ ಗಾರ್ಮೆಂಟ್ಸ್ ಕೆಲಸಕ್ಕೆ ಮರಳಿದವರು ನಮ್ಮ ನಡುವೆಯೂ ಇದ್ದಾರೆ. ಕಿಮೋದಿಂದ ಮುಖ ಒಣಗಿ ಬಿರಿಯುವುದುಂಟು. ಕೆಲವರು 5ರಿಂದ 10 ವರ್ಷ ನುಂಗಬೇಕಾದ ಹಾರ್ಮೋನ್ ಮಾತ್ರೆಯಿಂದಲೂ ಹಾಗಾಗುತ್ತೆ. ಹಾಗಂತ ಮಾತ್ರೆ ಬಿಡಬೇಡಿ ಅಂತ ನಾವು ಕೈಮುಗಿದು ಕೇಳುತ್ತೇವೆ. ಕಾಯಿಲೆ ಮರುಕಳಿಸದಂತೆ ಕಾಯುವುದೇ ಅದು.

ಸೋಪು, ಕಡ್ಲೆಹಿಟ್ಟು, ನಿಂಬೆರಸ ಮುಖಕ್ಕೆ ಬೇಡ. ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಉಜ್ಜದೆ ಒರೆಸಿ, ಪಸೆ ಆರುವ ಮೊದಲೇ ವ್ಯಾಸಲಿನ್ ತೆಳುವಾಗಿ ಹಚ್ಚಿ. ದುಬಾರಿ ಕ್ರೀಮೇ ಆಗಬೇಕೆಂದೇನಿಲ್ಲ. ಬೆಳ್ಳಗಾಗುವ ಕ್ರೀಮಂತೂ ಮುಟ್ಟಲೇಬೇಡಿ, ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತೆ, ಚರ್ಮ ಇನ್ನೂ ತೆಳುವಾಗುತ್ತೆ. ಬಿಸಿಲಲ್ಲಿ ಕೊಡೆ ಹಿಡಿಯಿರಿ, ನಾಚಿಕೆ ಯಾಕೆ? ಗುಳ್ಳೆ, ಕೀವು, ರಕ್ತ ಕಂಡರೆ ಮುಂದಿನ ಚೆಕಪ್‌ವರೆಗೆ ಕಾಯದೆ ಡಾಕ್ಟರಿಗೆ ತೋರಿಸಿ.