ಎಸ್ಸೆಸ್ಸೆಲ್ಸಿ ಆಯಿತು, ಯಂತ್ರ ಕಲಿಯುವುದೆಲ್ಲಿ?

ಕಡೂರು ತಾಲ್ಲೂಕಿನ ಹಿರೇನಲ್ಲೂರು ಕಡೆ ರಾಗಿ ಒಕ್ಕಣೆಗೆ ಈಗ ರೋಣಗಲ್ಲಿಗಿಂತ ಯಂತ್ರವನ್ನೇ ಕಾಯುವವರು ಹೆಚ್ಚು. ಒಕ್ಕಣೆ ನಡುವೆ ಬೇರಿಂಗ್ ಹೋಯಿತೋ, ಮೆಕ್ಯಾನಿಕ್ ಬರುವತನಕ ತೆನೆ ಕಣದಲ್ಲೇ. ಮೇಲೆ ಮೋಡ ಬೇರೆ.

ಆ ಮೆಕ್ಯಾನಿಕ್ ಆಗಲಿಕ್ಕೂ ಓದಿದೆ.

ಐಟಿಐಗಳ ಪಟ್ಟಿಯಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್ ಒಂದು ವರ್ಷದ್ದು, ಕೃಷಿ ಯಂತ್ರೋಪಕರಣಗಳ ಮೆಕ್ಯಾನಿಕ್ ಎರಡು ವರ್ಷದ್ದು. ಎಲ್ಲ ಐಟಿಐಗಳಲ್ಲೂ ಇವು ಇರುವುದಿಲ್ಲ, ವಿಚಾರಿಸಿಯೇ ಅರ್ಜಿ ಹಾಕಬೇಕು. ಕೃಷಿ ವಿಶ್ವವಿದ್ಯಾಲಯಗಳ ಎರಡು ವರ್ಷದ ಕೃಷಿ ಡಿಪ್ಲೊಮಾ ಕನ್ನಡದಲ್ಲೇ ನಡೆಯುತ್ತದೆ. ಹೆಸರು ನೋಡಿ ಮೋಸಹೋಗುವವರೂ ಉಂಟು. ಅಲ್ಲಿ ಮಣ್ಣು, ಬೆಳೆ, ಕೀಟಗಳ ಪಾಠದ ಜೊತೆ ಯಂತ್ರಕ್ಕೆ ಸಿಗುವುದು ಒಂದು ಪಾಲು ಮಾತ್ರ. ಪಿಯುಸಿ ವಿಜ್ಞಾನ ಮುಗಿಸಿದವರಿಗೆ ಸಿಇಟಿ ಮೂಲಕ ನಾಲ್ಕು ವರ್ಷದ ಕೃಷಿ ಎಂಜಿನಿಯರಿಂಗ್ ಬಿ.ಟೆಕ್, ಬೆಂಗಳೂರಿನ ಜಿಕೆವಿಕೆಯಲ್ಲೂ ರಾಯಚೂರಿನಲ್ಲೂ ಇದೆ. ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ.

ಸೇರುವ ಮುಂಚೆ ಕಟ್ಟಡ ನೋಡುವ ಬದಲು ವರ್ಕ್‌ಶಾಪ್ ನೋಡುವುದು ಲೇಸು. ಬಿಚ್ಚಿದ ಗೇರ್‌ಬಾಕ್ಸ್‌ಗೆ ವಿದ್ಯಾರ್ಥಿಗಳ ಕೈ ತಾಗುತ್ತದೆಯೇ, ಅಥವಾ ಬಣ್ಣ ಬಳಿದ ಟ್ರ್ಯಾಕ್ಟರ್ ಬರೀ ಪ್ರದರ್ಶನಕ್ಕೋ? ರೋಟವೇಟರ್ ಬ್ಲೇಡು ಬದಲಿಸಿದ ಸೀನಿಯರ್ ಒಬ್ಬನನ್ನು ಕೇಳಿದರೆ ತಿಳಿಯುತ್ತದೆ.

ಕಡಿಮೆ ಅವಧಿಯ ತರಬೇತಿ ಸಾಕೆನ್ನುವವರಿಗೆ ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಸಂಸ್ಥೆಯಿದೆ. ಕೆಲಸಕ್ಕೆ ಟ್ರ್ಯಾಕ್ಟರ್ ಶೋರೂಮು ಒಂದೇ ಅಲ್ಲ, ಹೋಬಳಿಗಳ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಿಗೂ ರಿಪೇರಿ ಬಲ್ಲವರು ಬೇಕು.