ಅಡಿಗೆಯವರ ಮೇಜಿನಲ್ಲಿ ಕೂತ ಸಂಗೀತಗಾರ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ಕಲೆಗೆ ಆಶ್ರಯ ಕೊಟ್ಟ ದೊರೆಗಳ ಹೆಸರನ್ನ ನಾವು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇವೆ. ಅವರಿಲ್ಲದಿದ್ರೆ ಸಂಗೀತವೇ ಇರ್ತಿರಲಿಲ್ಲ ಅನ್ನೋ ಹಾಗೆ ಪಾಠ ಬರೀತಾರೆ. ಆಶ್ರಯ ಪಡೆದವನನ್ನ ಯಾರೂ ಕೇಳೋದಿಲ್ಲ. ಇವತ್ತು ಅವನನ್ನ ಕೇಳೋಣ. ನಾನು ಆರಿಸಿಕೊಂಡಿರೋದು ಯುರೋಪಿನ ಮೊಜಾರ್ಟನನ್ನ. ಯಾಕಂದ್ರೆ ಅವನು ತನ್ನ ಧಣಿಯ ಬಗ್ಗೆ ಅಪ್ಪನಿಗೆ ಬರೆದ ಕಾಗದಗಳು ಇವತ್ತಿಗೂ ಉಳಿದಿವೆ.

ಮೊಜಾರ್ಟ್ ಹುಟ್ಟಿದ್ದು 1756ರಲ್ಲಿ, ಸಾಲ್ಸ್‌ಬರ್ಗ್‌ನಲ್ಲಿ. ಈಗ ಅದು ಆಸ್ಟ್ರಿಯಾ ದೇಶದ ಊರು. ಆಗ ಅಲ್ಲಿ ಧರ್ಮಗುರುವೂ ದೊರೆಯೂ ಒಬ್ಬನೇ, ಆರ್ಚ್‌ಬಿಷಪ್. ಪೂಜೆಯೂ ಅವನದು, ಕಂದಾಯವೂ ಅವನದು. ಅಪ್ಪ ಲಿಯೋಪೋಲ್ಡ್ ಆ ಆಸ್ಥಾನದಲ್ಲೇ ಸಂಗೀತದ ನೌಕರ. ಚಿಕ್ಕ ಮಗನನ್ನೂ ಮಗಳನ್ನೂ ಊರೂರು ಸುತ್ತಿಸಿ ಅರಮನೆಗಳಲ್ಲಿ ನುಡಿಸಿದ. ಮಗಳು ದೊಡ್ಡವಳಾದ ಮೇಲೆ ಅವಳ ತಿರುಗಾಟ ನಿಂತಿತು. ಆ ಕತೆಯನ್ನ ನಮ್ಮ ತಂಗಿಯರು ಯಾರಾದ್ರೂ ಓದಿ ಹೇಳಬೇಕು.

1772ರಲ್ಲಿ ಕೊಲೊರೆಡೊ ಅನ್ನೋನು ಆರ್ಚ್‌ಬಿಷಪ್ ಆದ. ಹುಡುಗನಿಗೆ ವರ್ಷಕ್ಕೆ 150 ಗುಲ್ಡನ್ ಸಂಬಳ ಗೊತ್ತು ಮಾಡಿದ. 1777ರಲ್ಲಿ ಹುಡುಗ ಚಾಕರಿ ಬಿಟ್ಟು ಬೇರೆ ಕಡೆ ಕೆಲಸ ಹುಡುಕಿಕೊಂಡು ಹೋದ. ಎಲ್ಲೂ ಸಿಗಲಿಲ್ಲ. ಜೊತೆಗೆ ಹೋಗಿದ್ದ ತಾಯಿ 1778ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡಳು. 1779ರಲ್ಲಿ 450 ಗುಲ್ಡನ್ನಿಗೆ ಮತ್ತೆ ಅದೇ ಧಣಿಯ ಬಾಗಿಲಿಗೆ ಬಂದು ನಿಂತ. ಹೊಟ್ಟೆಪಾಡು, ಇನ್ನೇನು.

1781ರ ಮಾರ್ಚಿಯಲ್ಲಿ ಕೊಲೊರೆಡೊ ವಿಯೆನ್ನಾಕ್ಕೆ ಹೋದಾಗ ತನ್ನ ಪರಿವಾರದ ಜೊತೆ ಇವನನ್ನೂ ಕರೆಸಿಕೊಂಡ. ಇವನಿಗಾಗ ಇಪ್ಪತ್ತೈದು ವರ್ಷ. ಊಟಕ್ಕೆ ಇವನನ್ನ ಕೂರಿಸಿದ್ದು ಆಳುಗಳ ಮೇಜಿನಲ್ಲಿ. ಧಣಿಗೆ ಬಟ್ಟೆ ತೊಡಿಸೋ ಖಾಸಾ ಸೇವಕರು ಮೇಲ್ಗಡೆ, ಸಂಗೀತಗಾರರು ಅವರಿಗಿಂತ ಕೆಳಗೆ, ಅಡಿಗೆಯವರು ಅದಕ್ಕೂ ಕೆಳಗೆ. ಅಡಿಗೆಯವರಿಗಿಂತ ಮೇಲೆ ಕೂರುವ ಗೌರವವಾದ್ರೂ ಸಿಕ್ಕಿತಲ್ಲ ಅಂತ ಅವನು ಅಪ್ಪನಿಗೆ ವ್ಯಂಗ್ಯವಾಗಿ ಬರೀತಾನೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಪಂಕ್ತಿ ಅಂದ್ರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆದ್ರೆ ಮೊಜಾರ್ಟ್ ನಮ್ಮವನೇ ಅಂತ ತಟ್ಟನೆ ಅಪ್ಪಿಕೊಳ್ಳಬೇಡಿ. ಅವನ ಸಿಟ್ಟು ಏನು? ತನ್ನನ್ನ ಅಡಿಗೆಯವರ ಜೊತೆ ಕೂರಿಸಿದ್ರು ಅನ್ನೋದು. ಅಡಿಗೆಯವರನ್ನ ಯಾಕೆ ಕಡೆಗೆ ಕೂರಿಸಿದ್ರು ಅಂತ ಅವನು ಕೇಳಲಿಲ್ಲ. ಏಣಿಯ ನಡುವಿನ ಮೆಟ್ಟಿಲಲ್ಲಿ ನಿಂತವನು ಮೇಲಿನವನ ಕಾಲನ್ನ ನೋಡ್ತಾನೆ, ತನ್ನ ಕಾಲು ಯಾರ ತಲೆ ಮೇಲಿದೆ ಅಂತ ನೋಡೋದಿಲ್ಲ. ಇಷ್ಟು ಹೇಳಿಯೂ ಅವನಿಗಾದ ಅವಮಾನ ಸುಳ್ಳು ಅಂತ ನಾನು ಹೇಳೋದಿಲ್ಲ.

ಊಟಕ್ಕಿಂತ ದೊಡ್ಡ ಕಟ್ಟು ಇನ್ನೊಂದಿತ್ತು. ಬೇರೆ ಕಡೆ ನುಡಿಸೋಕೆ ಧಣಿಯ ಅಪ್ಪಣೆ ಬೇಕು. ಸತ್ತ ಸಂಗೀತಗಾರರ ಹೆಂಡತಿ ಮಕ್ಕಳ ಸಹಾಯಾರ್ಥ ನಡೆಯುವ ಕಛೇರಿಗೂ ಮೊದಲು ಬೇಡ ಅಂದ. ಊರಿನ ದೊಡ್ಡ ಮನುಷ್ಯರು ಕಾಡಿದ ಮೇಲೆ ಹೂಂ ಅಂದ. ಏಪ್ರಿಲ್‌ನಲ್ಲಿ ಒಂದು ಸಂಜೆ ಕೌಂಟೆಸ್ ಥುನ್ ಮನೆಗೆ ಇವನಿಗೆ ಕರೆ ಬಂದಿತ್ತು. ಅಲ್ಲಿಗೆ ಚಕ್ರವರ್ತಿ ಜೋಸೆಫ್ ಬಂದಿದ್ದ. ಹಾಡಿದವರಿಗೆ ತಲಾ 50 ಡಕಟ್ ಸಿಕ್ಕಿತು, ಅಂದ್ರೆ ಇವನ ಅರ್ಧ ವರ್ಷದ ಸಂಬಳ. ಇವನು ಅದೇ ಸಂಜೆ ಧಣಿಯ ಕಡೆ ಬಿಟ್ಟಿಯಾಗಿ ನುಡಿಸ್ತಾ ಕೂತಿದ್ದ. ಅನ್ನ ಕೊಡ್ತೀನಿ ಅನ್ನೋ ಕೈಯೇ ಬೇರೆ ಅನ್ನದ ಬಾಗಿಲನ್ನ ಮುಚ್ಚಿ ಹಿಡಿದಿತ್ತು. ಜೀತ ಕಂಡ ಮನೆಯಿಂದ ಬಂದವರಿಗೆ ಇದು ಹೊಸದಲ್ಲ.

ಮೇ 9ನೇ ತಾರೀಖು ಧಣಿ ಕರೆಸಿ ಬಾಯಿಗೆ ಬಂದ ಹಾಗೆ ಬೈದ. ಪೋಕರಿ ಅಂದ, ಹೋಗು ಅಂದ. ಇವನು ಸರಿ ಹೋಗ್ತೀನಿ ಅಂದ. ರಾಜೀನಾಮೆ ಬರೆದುಕೊಂಡು ಹೋದರೆ ತಗೊಳ್ಳೋರಿಲ್ಲ. ಆಸ್ಥಾನದ ಅಧಿಕಾರಿ ಕೌಂಟ್ ಆರ್ಕೊ ಅರ್ಜಿಯನ್ನ ಮುಟ್ಟಲಿಲ್ಲ. ಸ್ಕಾಲರ್‌ಶಿಪ್ಪಿಗೆ ಸಹಿ ಹಾಕಿಸೋಕೆ ಬಾಗಿಲ ಹೊರಗೆ ನಿಂತವರಿಗೆ ಈ ಓಡಾಟ ಗೊತ್ತು. ಜೂನ್ 8ರಂದು ಆ ಆರ್ಕೊ ಇವನ ಕುಂಡಿಗೆ ಒದ್ದು ಬಾಗಿಲಾಚೆ ದಬ್ಬಿದ. ಸಂಗೀತ ಚರಿತ್ರೆಯ ಪುಸ್ತಕಗಳಲ್ಲಿ ಈ ಒದೆ ಒಂದು ತಮಾಷೆಯ ಪ್ರಸಂಗ. ಒದೆ ತಿಂದವನಿಗೆ ತಮಾಷೆಯಾಗಿರಲಿಲ್ಲ, ಎದುರಿಗೆ ಸಿಕ್ಕರೆ ತಿರುಗಿ ಒದೀತೀನಿ ಅಂತ ಬರೀತಾನೆ.

ಇಷ್ಟರ ನಡುವೆ ಅಪ್ಪ. ಅವನಿನ್ನೂ ಅದೇ ಧಣಿಯ ನೌಕರ. ತಗ್ಗಿ ನಡಿ, ವಾಪಸ್ ಬಾ ಅಂತ ಒತ್ತಾಯ. ಆ ತಿಂಗಳುಗಳ ಅಪ್ಪನ ಕಾಗದಗಳು ಉಳಿದಿಲ್ಲ, ಮಗನ ಉತ್ತರದಿಂದಲೇ ಊಹಿಸಬೇಕು. ಅಪ್ಪನನ್ನ ಹೇಡಿ ಅನ್ನೋದು ಸುಲಭ. ಮಗ ಎದ್ದು ನಿಂತಾಗ ಮೊದಲು ನಡುಗೋದು ಊರಲ್ಲಿರೋ ಅಪ್ಪ ಅವ್ವ ಅಲ್ಲವೇನ್ರಪ್ಪ? ಧಣಿಗಳಿಗೆ ಅದು ಚೆನ್ನಾಗಿ ಗೊತ್ತಿರ್ತದೆ.

ಮಗ ಹೋಗಲಿಲ್ಲ. ವಿಯೆನ್ನಾದಲ್ಲೇ ಉಳಿದು ಪಾಠ ಹೇಳಿದ, ಚಂದಾ ಎತ್ತಿ ಕಛೇರಿ ಮಾಡಿದ. 1786ರಲ್ಲಿ 'ಫಿಗಾರೊನ ಮದುವೆ' ಅನ್ನೋ ಸಂಗೀತ ನಾಟಕ ಮಾಡಿದ. ಅದರಲ್ಲಿ ಮದುವೆಯಾಗಬೇಕಾದ ಸೇವಕಿಯ ಮೇಲೆ ಧಣಿ ಕಣ್ಣು ಹಾಕ್ತಾನೆ. ಆಳುಗಳು ಸೇರಿ ಅವನನ್ನ ಸೋಲಿಸ್ತಾರೆ, ಕಡೆಗೆ ಎಲ್ಲರ ಮುಂದೆ ಅವನು ಹೆಂಡತಿಯ ಕ್ಷಮೆ ಕೇಳ್ತಾನೆ. ಇದರ ಮೂಲ ನಾಟಕವನ್ನ ವಿಯೆನ್ನಾದಲ್ಲಿ ಆಡದಂತೆ ಚಕ್ರವರ್ತಿ ತಡೆದಿದ್ದ. ಸಾಹಿತ್ಯ ಬರೆದ ದ ಪೊಂಟೆ ಹುಟ್ಟಿನಿಂದ ಯಹೂದಿ, ಹುಡುಗನಾಗಿದ್ದಾಗ ಮನೆಯವರೆಲ್ಲ ಕ್ರೈಸ್ತರಾದವರು.

ಒದ್ದ ಆರ್ಕೊ ಅದಕ್ಕೂ ಮೊದಲು ಒಂದು ಮಾತು ಹೇಳಿದ್ದ. ವಿಯೆನ್ನಾದವರು ಈಗ ಹೊಗಳ್ತಾರೆ, ಸ್ವಲ್ಪ ತಿಂಗಳಾದ ಮೇಲೆ ಹೊಸಬನನ್ನ ಕೇಳ್ತಾರೆ ಅಂತ. ಆ ಮಾತು ಪೂರಾ ಸುಳ್ಳಾಗಲಿಲ್ಲ. 1787ರಲ್ಲಿ ಚಕ್ರವರ್ತಿ ಕೆಲಸ ಕೊಟ್ಟ, ಸಂಬಳ 800 ಗುಲ್ಡನ್. ಅದಕ್ಕೆ ಮೊದಲು ಆಸ್ಥಾನದಲ್ಲಿದ್ದ ಗ್ಲುಕ್‌ಗೆ 2000 ಇತ್ತು. 1788ರಿಂದ ಅವನು ಗೆಳೆಯನೊಬ್ಬನಿಗೆ ಸಾಲ ಕೇಳಿ ಬರೆದ ಕಾಗದಗಳೂ ಉಳಿದಿವೆ, ಓದೋದು ಕಷ್ಟ. 1791ರ ಡಿಸೆಂಬರ್ 5ರಂದು ತೀರಿಕೊಂಡಾಗ ಮೂವತ್ತೈದು ವರ್ಷ, ತಲೆ ಮೇಲೆ ಸಾಲ. ಆದ್ರೆ ಈ ಹತ್ತು ವರ್ಷದಲ್ಲಿ ಅವನು ಸಾಲ್ಸ್‌ಬರ್ಗ್‌ನ ಆ ಮೇಜಿಗೆ ಮತ್ತೆ ಹೋಗಿ ಕೂರಲಿಲ್ಲ.